ಅಲೆಯ ಹಲಗೆಗೆ ಕಾಡಿಗೆ

ಕಡಲಿನ ಅಲೆಯ ಮೇಲೆ ಹಲಗೆಯೇರಿ ಜಾರುವುದು ಹವಾಯಿ ದ್ವೀಪದವರ ಪುರಾತನ ಆಟ. ಅರಸರು, ಬಡವರು, ಹೆಂಗಸರು, ಗಂಡಸರು ಎಲ್ಲರೂ ಆಡುತ್ತಿದ್ದರು. ಈ ಆಟದ ಚರಿತ್ರೆ ಓದುವಾಗ ನನ್ನ ಮನಸ್ಸು ನಿಂತದ್ದು ಕಡಲಿನಲ್ಲಲ್ಲ, ಮನೆಯೊಳಗೆ.

1823ರಲ್ಲಿ ಅಲ್ಲಿ ತಿರುಗಾಡಿದ ಇಂಗ್ಲಿಷ್ ಮಿಷನರಿ ವಿಲಿಯಂ ಎಲ್ಲಿಸ್ ತಾವು ಕಂಡದ್ದನ್ನು ಬರೆದಿಟ್ಟಿದ್ದಾರೆ. ಐದಾರು ಅಡಿಯ ಹಲಗೆ, ನಮ್ಮ ಕಾಫಿ ತೋಟಗಳ ಹಾಲುವಾಣದ ಕುಲಕ್ಕೆ ಸೇರಿದ ಹಗುರ ಮರದ್ದು, ಬಣ್ಣ ಕಡುಗಪ್ಪು. ಆಡಿ ಬಂದ ಮೇಲೆ ಅದನ್ನು ಬಿಸಿಲಲ್ಲಿ ಒಣಗಿಸಿ, ಕೊಬ್ಬರಿ ಎಣ್ಣೆ ತಿಕ್ಕಿ, ಎಷ್ಟೋ ಸಲ ಬಟ್ಟೆ ಸುತ್ತಿ, ಮನೆಯಲ್ಲೇ ತೂಗುಹಾಕುತ್ತಿದ್ದರು. ಕಪ್ಪಿಗೆ ಕುಕುಯಿ ಎಂಬ ಎಣ್ಣೆಕಾಯಿ ಸುಟ್ಟ ಮಸಿಯೂ ಬಳಕೆಯಲ್ಲಿತ್ತು. ಹರಳೆಣ್ಣೆ ದೀಪದ ಮಸಿಯಲ್ಲಿ ಕಾಡಿಗೆ ಮಾಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಹೊರಗಿನಿಂದ ಬಂದ ರೋಗಗಳಿಗೆ ಜನ ಸತ್ತು, ಮಿಷನರಿಗಳ ಅಸಮ್ಮತಿಯೂ ಸೇರಿ, 19ನೆಯ ಶತಮಾನದಲ್ಲಿ ಆಟವೇ ಸೊರಗಿತು. ಆಗಲೂ ಅಲೆಯೇರಿದವಳು ರಾಜಕುಮಾರಿ ಕಯುಲಾನಿ (1875–1899). ಆಕೆಯ ಹಲಗೆ ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿದೆ.

ಈಗಿನ ಹಲಗೆ ಹೆಚ್ಚಾಗಿ ಫೋಮಿನದು, ಮೇಲೆ ಫೈಬರ್‌ಗ್ಲಾಸಿನ ಹೊದಿಕೆ. ಹಳೆಯದನ್ನು ಕೊಂಡವರು ಮನೆಯಲ್ಲೇ ಮೇಣ ಕೆರೆದು, ಬಿರುಕು ಮುಚ್ಚಿ, ಉಜ್ಜಿ, ಹೊಸ ಬಣ್ಣ ಹಚ್ಚುತ್ತಾರೆ. ಆದರೆ ಕಪ್ಪು ಬೇಡ. ಅದು ಬಿಸಿಲು ಹೀರಿ ಕಾದರೆ ಒಳಗಿನ ಫೋಮು ಕೆಡುತ್ತದೆ. ಬಿಳಿಯೇ ಕ್ಷೇಮ. ಬಣ್ಣಕ್ಕೆ ಮೊದಲು ಪೂರ್ತಿ ಒಣಗಬೇಕು ಎಂಬ ಮಾತು ಮಾತ್ರ ಎಲ್ಲಿಸರ ಕಾಲದ್ದೇ.

ಅಲೆಯ ಮೇಲೆ ನಿಂತ ಕೆಲವರ ಹೆಸರು ಚರಿತ್ರೆಯಲ್ಲಿ ಉಂಟು. ಎಣ್ಣೆ ತಿಕ್ಕಿದ, ಮಸಿ ಬಳಿದ ಕೈಗಳ ಹೆಸರಿಲ್ಲ. ತರಗತಿಯಲ್ಲಿ ಕಯುಲಾನಿಯ ಕಥೆ ಬಂದಾಗಲೆಲ್ಲ ಆ ಕೈಗಳನ್ನೂ ಸೇರಿಸಿಯೇ ಹೇಳುತ್ತೇನೆ.