ಖೆಡ್ಡಾ, ಹಡ್ಲು, ಆನೆದಾರಿ: ಕಾಕನಕೋಟೆಯ ಕಾಡುಪದಗಳು

'ಅವನನ್ನು ಖೆಡ್ಡಾಕ್ಕೆ ಕೆಡವಿದರು' ಎಂಬ ಮಾತನ್ನು ನೀವು ಕೇಳಿರಬಹುದು. ಕೆಡವುವುದು ಎಂದಾಕ್ಷಣ ಗುಂಡಿಯ ನೆನಪಾಗುತ್ತದೆ. ಆದರೆ ಖೆಡ್ಡಾ ಎಂದರೆ ಗುಂಡಿಯಲ್ಲ. ಮರದ ದಿಮ್ಮಿಗಳನ್ನು ನೆಟ್ಟು, ಸುತ್ತ ಕಂದಕ ತೋಡಿ ನಿರ್ಮಿಸಿದ ಆವರಣ. ಓಡಿಸು, ಅಟ್ಟು ಎಂಬರ್ಥದ ಹಿಂದಿ ಕ್ರಿಯಾಪದದಿಂದ ಬಂದ ಹೆಸರು ಇದು. ಹಾಗಾದರೆ 'ಕೆಡವುವುದು' ಎಲ್ಲಿಂದ ಬಂತು? ಖೆಡ್ಡಾಕ್ಕೆ ಮೊದಲು ನಮ್ಮ ಕಾಡುಗಳಲ್ಲಿ ಆನೆಗಳನ್ನು ಗುಂಡಿ ತೋಡಿಯೇ ಹಿಡಿಯುತ್ತಿದ್ದರು. ಹಳೆಯ ವಿಧಾನದ ಕ್ರಿಯಾಪದ, ಹೊಸ ವಿಧಾನದ ಹೆಸರು ಎರಡೂ ಒಂದೇ ನುಡಿಗಟ್ಟಿನಲ್ಲಿ ಸೇರಿಕೊಂಡಂತೆ ತೋರುತ್ತದೆ. ಹೀಗೆ ಕಾಡಿನ ಪದಗಳು ಕಾಡಿನ ಇತಿಹಾಸವನ್ನೂ ಹೊತ್ತಿರುತ್ತವೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಇದಕ್ಕೆ ಒಳ್ಳೆಯ ಉದಾಹರಣೆ.

ಶಾಪದ ಕಲ್ಲು

ಕಾಕ ಎಂಬ ಕಾಡುಕುರುಬರ ಮುಖಂಡನಿಂದ ಕಾಕನಕೋಟೆಗೆ ಆ ಹೆಸರು ಬಂತೆಂಬುದು ಪ್ರತೀತಿ. ಮಾಸ್ತಿಯವರು ಇದೇ ಹೆಸರಿನ ನಾಟಕ ಬರೆದಿದ್ದಾರೆ. ಮೈಸೂರು ಸಂಸ್ಥಾನದಲ್ಲಿ ಕಾಲುವೆಗಳ ಉಸ್ತುವಾರಿ ನೋಡುತ್ತಿದ್ದ ಜಿ.ಪಿ. ಸ್ಯಾಂಡರ್ಸನ್, 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇಲ್ಲಿಯ ಒಂದು ಕಲ್ಲಿನ ಪ್ರಸ್ತಾಪ ಮಾಡಿದ್ದಾನೆ. ಸುಮಾರು ನೂರು ವರ್ಷ ಹಿಂದೆ ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಆನೆಹಿಂಡನ್ನು ಆವರಣಕ್ಕೆ ಅಟ್ಟಲು ಯತ್ನಿಸಿ ಸೋತಿದ್ದ. ಇದು ಯಾರಿಂದಲೂ ಆಗದು, ಯತ್ನಿಸಿದವರಿಗೆ ಶಾಪ ತಟ್ಟಲಿ ಎಂದು ಆ ಕಲ್ಲಿನಲ್ಲಿ ಬರೆಸಿದ್ದನಂತೆ.

ಸ್ಯಾಂಡರ್ಸನ್ ಹೆದರಲಿಲ್ಲ. 1874ರಲ್ಲಿ ಚಾಮರಾಜನಗರದ ಬಳಿ ಯಶಸ್ವಿಯಾದ. ಮುಂದೆ ಕಾಕನಕೋಟೆಯೇ ಖೆಡ್ಡಾಗಳಿಗೆ ಹೆಸರಾಯಿತು. ಆನೆಗಳನ್ನು ಅಟ್ಟಿ, ಕಬಿನಿ ಹೊಳೆಗೆ ಇಳಿಸಿ, ದಾಟಿಸಿ, ಆವರಣದೊಳಕ್ಕೆ ನುಗ್ಗಿಸುವುದು ಇಲ್ಲಿಯ ವಿಶೇಷ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಹೊಳೆಗೆ ಅಡ್ಡಲಾಗಿ ಕಟ್ಟಿದ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡು, ಖೆಡ್ಡಾ ನಡೆಯುತ್ತಿದ್ದ ನೆಲ ಹಿನ್ನೀರಿನಲ್ಲಿ ಮುಳುಗಿತು.

ಖೆಡ್ಡಾದೊಂದಿಗೆ ಹಲವು ಪದಗಳು ಬಳಕೆಗೆ ಬಂದವು. ಕಾಡಾನೆಯನ್ನು ಹಿಡಿದು ಪಳಗಿಸಲು ನೆರವಾಗುವ ಸಾಕಾನೆ 'ಕುಮ್ಕಿ'. ಪಾರಸಿಯಲ್ಲಿ ಈ ಪದದ ಮೂಲಕ್ಕೆ 'ನೆರವು' ಎಂದೇ ಅರ್ಥ. ಆನೆಯ ಮೇಲೆ ಕುಳಿತು ನಡೆಸುವವನು ಮಾವುತ. ಮೇವು, ಸ್ನಾನ, ಕಾವಲು ನೋಡಿಕೊಳ್ಳುವ ಸಹಾಯಕ ಕಾವಾಡಿ. ಖೆಡ್ಡಾ ನಿಂತರೂ ಈ ಮೂರು ಪದಗಳು ಆನೆ ಶಿಬಿರಗಳಲ್ಲಿ, ಮೈಸೂರು ದಸರೆಯಲ್ಲಿ ಉಳಿದಿವೆ.

ನೆಲ ಓದುವ ಪದಗಳು

ಇನ್ನು ಕೆಲವು ಪದಗಳು ಅರಮನೆಯಿಂದಲೋ ಪಾರಸಿಯಿಂದಲೋ ಬಂದವಲ್ಲ. ಕಾಡಿನಲ್ಲಿ ನಡೆದವರ ಮಾತಿನವು.

ಹಡ್ಲು: ಎರಡು ದಿಣ್ಣೆಗಳ ನಡುವಿನ ತಗ್ಗಾದ, ಜೌಗು ಹುಲ್ಲುಗಾವಲು. ದೂರದಿಂದ ನೋಡಿದರೆ ಮರ ಕಡಿದ ಬಯಲಿನಂತೆ ಕಾಣುತ್ತದೆ. ಆದರೆ ಇಲ್ಲಿ ಮರ ಬೆಳೆಯದಿರಲು ಕಾರಣ ನೀರು. ಇಳಿಜಾರಿನಿಂದ ಬಸಿದು ಬಂದ ನೀರು ಜೇಡಿಮಣ್ಣಿನಲ್ಲಿ ನಿಂತು, ಮಣ್ಣಿನ ರಂಧ್ರಗಳಲ್ಲಿದ್ದ ಗಾಳಿಯನ್ನು ಹೊರದೂಡುತ್ತದೆ. ಆಮ್ಲಜನಕ ಸಿಗದೆ ಹೆಚ್ಚಿನ ಮರಗಳ ಬೇರು ಕೊಳೆಯುತ್ತದೆ. ಹುಲ್ಲು, ಜೇಕು ಮಾತ್ರ ತಾಳಿಕೊಳ್ಳುತ್ತವೆ. ಬೇಸಿಗೆಯಲ್ಲೂ ತೇವ ಉಳಿಯುವುದರಿಂದ ಹಸಿರು ಮೇವಿಗಾಗಿ ಜಿಂಕೆ, ಕಾಟಿ, ಆನೆಗಳು ಇಲ್ಲಿಗೆ ಬರುತ್ತವೆ. ನಡೆಯುವವನಿಗೆ 'ಹಡ್ಲು' ಎಂಬ ಒಂದೇ ಪದ ಮೂರು ಎಚ್ಚರಿಕೆ ಕೊಡುತ್ತದೆ: ಕಾಲು ಹೂಳಬಹುದು, ನೀರು ಹತ್ತಿರದಲ್ಲಿದೆ, ಪ್ರಾಣಿಗಳಿರಬಹುದು.

ಆನೆದಾರಿ: ಆನೆಗಳು ತಲೆಮಾರುಗಳಿಂದ ನಡೆದು ಸವೆಸಿದ ದಾರಿ. ಇದು ಸಾಮಾನ್ಯವಾಗಿ ಕಡಿದಾದ ಏರನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತದೆ. 4 ಟನ್ ತೂಕದ ಆನೆ ಒಂದು ಮೀಟರ್ ಮೇಲೇರಲು ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ 4000 × 9.8 × 1, ಅಂದರೆ 39,200 ಜೂಲ್. ಸ್ನಾಯುಗಳ ದಕ್ಷತೆ ಕಡಿಮೆಯಾದ್ದರಿಂದ ಖರ್ಚಾಗುವ ಶಕ್ತಿ ಇದರ ಹಲವು ಪಟ್ಟು. ಕೀನ್ಯಾದಲ್ಲಿ ಆನೆಗಳಿಗೆ ಜಿಪಿಎಸ್ ಕೊರಳಪಟ್ಟಿ ತೊಡಿಸಿ ನಡೆಸಿದ, 2006ರಲ್ಲಿ ಪ್ರಕಟವಾದ ಅಧ್ಯಯನವೂ ಆನೆಗಳು ಕಡಿದಾದ ಗುಡ್ಡಗಳನ್ನು ದೂರವಿಡುತ್ತವೆಂದು ತೋರಿಸಿತು.

ಹಳ್ಳ, ಹೊಳೆ: ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತಬಹುದಾದ ತೊರೆ ಹಳ್ಳ, ಅದಕ್ಕಿಂತ ದೊಡ್ಡದು ಹೊಳೆ. ನೆಲದ ಇಳಿಜಾರು ಕಡಿಮೆಯಿದ್ದಲ್ಲಿ ಹೊಳೆ ಹೊರತಿರುವಿನ ದಡ ಕೊರೆದು, ಒಳತಿರುವಿನಲ್ಲಿ ಮರಳು ಬಿಟ್ಟು, ಹಾವಿನಂತೆ ಬಳುಕುತ್ತದೆ. ನಾಗರಹೊಳೆ ಎಂಬ ಹೆಸರಿನಲ್ಲಿ ಈ ಭೂಗೋಳ ಪಾಠ ಅಡಗಿದೆ.

ಬೆಂಕಿರೇಖೆ: ಬೇಸಿಗೆಗೆ ಮುನ್ನ ಒಣಹುಲ್ಲು, ತರಗೆಲೆ ತೆಗೆದು ಬರಿದುಮಾಡಿದ ಪಟ್ಟಿ. ಉರುವಲಿಲ್ಲದೆ ನೆಲದ ಬೆಂಕಿ ಅಲ್ಲಿಗೆ ನಿಲ್ಲುತ್ತದೆ. ಇದನ್ನು ಕಾಲುದಾರಿ ಎಂದು ತಪ್ಪು ತಿಳಿದು ನಡೆದರೆ ಊರು ಸಿಗದು!

ಹಾಡಿ: ಜೇನುಕುರುಬ ಮೊದಲಾದ ಬುಡಕಟ್ಟು ಜನರ ಸಣ್ಣ ವಸತಿ.

ಪದ ಹೋದರೆ

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಸಮೋನ್ನತಿ ರೇಖೆಗಳು ನೆಲದ ಏರಿಳಿತ ತೋರಿಸುತ್ತವೆ. ಆದರೆ ಯಾವ ತಗ್ಗು ಏಪ್ರಿಲ್‌ನಲ್ಲೂ ಹಸಿರಾಗಿರುತ್ತದೆ ಎಂಬುದನ್ನು ಅವು ಹೇಳವು. ಅದನ್ನು ಹೇಳುವುದು ಹಡ್ಲಿನ ಹೆಸರು. ಆ ಹೆಸರನ್ನು ಬಲ್ಲವರು ಹಾಡಿಯ ಹಿರಿಯರು. ನಾಗರಹೊಳೆಯ ಒಳಗಿದ್ದ ಎಷ್ಟೋ ಕುಟುಂಬಗಳು ಈಗ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ನೆಲೆಗಳಲ್ಲಿವೆ. ಅಲ್ಲಿ ಹುಟ್ಟಿದ ಮಗುವಿಗೆ ಹಡ್ಲು ಕಣ್ಣಿಗೆ ಬೀಳದು; ಕಾಣದ ವಸ್ತುವಿನ ಹೆಸರು ನಾಲಿಗೆಯ ಮೇಲೆ ಬಹುಕಾಲ ನಿಲ್ಲದು. ಹೆಸರಿನ ಜೊತೆಗೆ ನೀರು, ಮಣ್ಣು, ಪ್ರಾಣಿಗಳ ಬಗೆಗಿನ ತಿಳಿವಳಿಕೆಯೂ ಕಳೆದುಹೋಗುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಶಾಲೆಗಳಲ್ಲಿ ಇದನ್ನು ವಿಜ್ಞಾನ ಚಟುವಟಿಕೆಯಾಗಿ ಮಾಡಬಹುದು. ಮಕ್ಕಳು ತಮ್ಮ ಅಜ್ಜ, ಅಜ್ಜಿಯರನ್ನು ಕೇಳಿ ನೆಲ, ನೀರು, ದಾರಿಗಳ ಪದಗಳನ್ನು ಬರೆದುಕೊಳ್ಳಲಿ. ಪ್ರತಿ ಪದದ ಎದುರು ಮೂರು ಅಂಕಣಗಳಿರಲಿ: ಅದು ಎಲ್ಲಿದೆ, ಯಾವ ಕಾಲದಲ್ಲಿ ಹೇಗಿರುತ್ತದೆ, ಏಕೆ ಹಾಗಿರುತ್ತದೆ. ಇದಕ್ಕಾಗಿ ಯಾರೂ ಅನುಮತಿಯಿಲ್ಲದೆ ರಕ್ಷಿತಾರಣ್ಯ ಹೊಕ್ಕಬೇಕಿಲ್ಲ. ಊರಿನ ಜಗಲಿಯೇ ಸಾಕು. ಮೊದಲ ಎರಡು ಅಂಕಣಗಳನ್ನು ಹಿರಿಯರು ತುಂಬಿಸುತ್ತಾರೆ. ಮೂರನೆಯದು ತರಗತಿಯ ಕೆಲಸ.