ಲಿವರ್‌ಗೆ ಮಾರ್ಕ್ಸು ಹಾಕಿದವರ ಕಥೆ

ದಬ್ಬೇಘಟ್ಟದ ನಮ್ಮ ಮನೆಯ ಹಳೇ ಟ್ರಂಕಿನಲ್ಲಿ ದೊಡ್ಡಪ್ಪನ ಆಸ್ಪತ್ರೆ ಫೈಲು ಇನ್ನೂ ಇದೆ. 2013ರಲ್ಲಿ ಅವರಿಗೆ ಲಿವರ್ ಕ್ಯಾನ್ಸರ್ ಅಂತ ಬೆಂಗಳೂರಿನಲ್ಲಿ ಗೊತ್ತಾಯ್ತು. ಆಪರೇಷನ್ ಮಾಡುವ ಹಂತ ದಾಟಿತ್ತು. ಸೊರಾಫೆನಿಬ್ ಅನ್ನೋ ಮಾತ್ರೆ ಬರೆದುಕೊಟ್ಟು, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದರು. ನಾವು ಮಾತ್ರೆ ನೆನಪಿಟ್ಟುಕೊಂಡೆವು, ಪರೀಕ್ಷೆ ಮರೆತೆವು. ಮೊನ್ನೆ ಫೈಲು ತಿರುವಿ ಹಾಕುವಾಗ, ಈ ಪರೀಕ್ಷೆಗಳೆಲ್ಲ ಎಲ್ಲಿಂದ ಬಂದವು ಅಂತ ಕುತೂಹಲ ಹುಟ್ಟಿತು. ಹುಡುಕಿ ಓದಿದ್ದನ್ನು ಇಲ್ಲಿ ಬರೆದಿಡ್ತಾ ಇದ್ದೀನಿ.

ರಿಪೋರ್ಟಿನಲ್ಲಿ ಎಸ್‌ಜಿಒಟಿ ಅಂತ ಒಂದು ಸಾಲು ಇರುತ್ತಲ್ಲ, ಅದು ಮೊದಲು ಲಿವರಿನ ಪರೀಕ್ಷೆಯೇ ಅಲ್ಲ! 1954ರಲ್ಲಿ ನ್ಯೂಯಾರ್ಕಿನ ಲಡ್ಯೂ, ರೊಬ್ಲೆವ್‌ಸ್ಕಿ, ಕಾರ್ಮೆನ್ ಎಂಬ ವೈದ್ಯರು ಹೃದಯಾಘಾತ ಆದವರ ರಕ್ತದಲ್ಲಿ ಈ ಕಿಣ್ವ ಏರುವುದನ್ನು ಕಂಡರು. ಲಿವರಿನ ಜೀವಕೋಶ ಒಡೆದಾಗಲೂ ಅದು ಏರುತ್ತದೆ ಅಂತ ಮರುವರ್ಷವೇ ತಿಳಿಯಿತು.

ಆದರೆ ಇದು ಲಿವರಿಗೆ ಏಟು ಬೀಳ್ತಿದೆಯಾ ಅನ್ನೋದನ್ನಷ್ಟೇ ಹೇಳುತ್ತೆ. ಲಿವರಿನಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಅನ್ನೋದು ಬೇರೆ ಪ್ರಶ್ನೆ. ಅದನ್ನು ಕೇಳಿದವರು ಸರ್ಜನ್‌ಗಳು. ಗಟ್ಟಿಯಾಗಿ ಮುದುರಿದ ಲಿವರ್ ಇರುವವರಲ್ಲಿ ಯಾರು ಆಪರೇಷನ್ ತಡೆದುಕೊಳ್ತಾರೆ ಅಂತ ಅಂದಾಜು ಮಾಡೋಕೆ 1964ರಲ್ಲಿ ಅಮೆರಿಕದ ಮಿಷಿಗನ್‌ನ ಚೈಲ್ಡ್ ಮತ್ತು ಟರ್ಕಾಟ್ ಒಂದು ಪಟ್ಟಿ ಮಾಡಿದರು. 1973ರಲ್ಲಿ ಲಂಡನ್ನಿನ ಪ್ಯೂ ಮತ್ತು ಸಂಗಡಿಗರು ಅದನ್ನು ತಿದ್ದಿದರು. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, ಹೊಟ್ಟೆಯಲ್ಲಿ ನೀರು, ಬುದ್ಧಿ ಮಂಕಾಗುವುದು... ಹೀಗೆ ಐದು ವಿಷಯ, ಒಂದೊಂದಕ್ಕೆ 1ರಿಂದ 3 ಮಾರ್ಕ್ಸು. ಆದರೆ ಸ್ಕೂಲಿನ ಲೆಕ್ಕಕ್ಕೆ ಉಲ್ಟಾ. 5-6 ಬಂದರೆ ‘ಎ’, 7ರಿಂದ 9 ‘ಬಿ’, 10 ಅಥವಾ ಅದಕ್ಕಿಂತ ಹೆಚ್ಚಾದರೆ ‘ಸಿ’, ಅಂದರೆ ಲಿವರ್ ಸೋತಿದೆ ಅಂತ. ನಮ್ಮೂರಲ್ಲಿ ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಗಿದೆಯಾ ಅಂತ ಒಡೆದು ನೋಡಲ್ಲ, ಅಲ್ಲಾಡಿಸಿ ಸದ್ದು ಕೇಳ್ತಾರೆ. ಇದೂ ಹಾಗೇ.

ಈಗ ಮಾತ್ರೆಯ ಕಥೆಗೆ ಬರೋಣ. ಲಿವರ್ ಕ್ಯಾನ್ಸರಿಗೆ ಸೊರಾಫೆನಿಬ್ ಕೊಡಲು ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ಸಿಕ್ಕಿತು. 2008ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ 602 ರೋಗಿಗಳಿದ್ದರು. ಮಾತ್ರೆ ತಗೊಂಡವರ ಮಧ್ಯಮ ಆಯಸ್ಸು 10.7 ತಿಂಗಳು, ಉಳಿದವರದು 7.9. ಗಮನಿಸಬೇಕಾದ್ದು ಏನಂದ್ರೆ, ಆರಿಸಿಕೊಂಡಿದ್ದು ‘ಎ’ ದರ್ಜೆಯ ಲಿವರ್ ಇದ್ದವರನ್ನ. ಆ ಮೂರು ತಿಂಗಳ ಲಾಭ ಸಿಕ್ಕಿದ್ದು ಅಂಥವರಿಗೆ. ಮಾತ್ರೆಯನ್ನು ಅರಗಿಸಬೇಕಾದ್ದೂ ಲಿವರೇ, ಕೆಲವೊಮ್ಮೆ ಆ ಮಾತ್ರೆಯಿಂದ ಪೆಟ್ಟು ತಿನ್ನೋದೂ ಅದೇ. ಅದಕ್ಕೇ ಪದೇ ಪದೇ ಪರೀಕ್ಷೆ. ಅಂಕಿ ಏರಿದರೆ ಡೋಸು ಇಳಿಸಬಹುದು, ಕೆಲದಿನ ನಿಲ್ಲಿಸಬಹುದು. 2017ರಲ್ಲಿ ಇದೇ ಕಾಯಿಲೆಗೆ ಬಂದ ರೆಗೊರಾಫೆನಿಬ್‌ಗಂತೂ ಮೊದಲ ಎರಡು ತಿಂಗಳು ಕನಿಷ್ಠ ಎರಡು ವಾರಕ್ಕೊಮ್ಮೆ ಪರೀಕ್ಷೆ ಆಗಲೇಬೇಕು ಅಂತ ಅಮೆರಿಕದ ಔಷಧಿ ಚೀಟಿಯಲ್ಲೇ ಬರೆದಿದ್ದಾರೆ.

ಸೊರಾಫೆನಿಬ್ ನಮ್ಮಂಥವರ ಕೈಗೆ ಸಿಕ್ಕಿದ್ದೂ ಒಂದು ಇತಿಹಾಸವೇ. ಬೇಯರ್ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 2,80,000 ರೂಪಾಯಿ ಆಗ್ತಿತ್ತು. 2012ರ ಮಾರ್ಚ್ 9ರಂದು ಭಾರತದ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟಿತು. ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು. ಬೆಲೆ 8,880ಕ್ಕೆ ಇಳಿಯಿತು. ಬೇಯರ್ ಸುಪ್ರೀಂ ಕೋರ್ಟಿನವರೆಗೂ ಹೋಯಿತು, 2014ರಲ್ಲಿ ಅಲ್ಲೂ ಸೋತಿತು.

ಬೆಲೆ ಇಳಿದಿದ್ದರಿಂದಲೇ ದೊಡ್ಡಪ್ಪನಿಗೆ ಮಾತ್ರೆ ಸಿಕ್ಕಿದ್ದು. ಕೊಬ್ಬರಿ ಮಾರಿದ ದುಡ್ಡಲ್ಲಿ ತಿಂಗಳು ತಿಂಗಳೂ ತಪ್ಪದೆ ತಂದೆವು. ಪರೀಕ್ಷೆಗೆ ಅದರ ಹತ್ತರಲ್ಲೊಂದು ಪಾಲೂ ಖರ್ಚಿರಲಿಲ್ಲ. ಆದರೆ ಅದಕ್ಕೆ ಒಂದು ದಿನ ಹೋಗಬೇಕು, ತುರುವೇಕೆರೆಗೆ ಬಸ್ಸು ಹತ್ತಬೇಕು. “ಮಾತ್ರೆ ತಗೋತಾ ಇದೀನಲ್ಲಪ್ಪ, ಸೂಜಿ ಚುಚ್ಚಿಸ್ಕೊಂಡು ಏನಾಗ್ಬೇಕು?” ಅನ್ನೋರು. ನಾವೂ ಹೂಂ ಅಂದೆವು. ಮೂರು ತಿಂಗಳಾದ ಮೇಲೆ ಕಣ್ಣು ಹಳದಿಯಾಯ್ತು. ಯಾರೋ ಹೇಳಿದರು ಅಂತ ಕಾಮಾಲೆಯ ಸೊಪ್ಪಿನ ಔಷಧಿಯನ್ನೂ ಕುಡಿಸಿದೆವು.

ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದ್ದು ಒಂದೇ ಮಾತು, ನಡುವಿನ ರಿಪೋರ್ಟು ಎಲ್ಲಿ? ಕಾಮಾಲೆ ಬಂದಿದ್ದು ಮಾತ್ರೆಯಿಂದಲೋ, ಕ್ಯಾನ್ಸರ್ ಬೆಳೆದಿದ್ದರಿಂದಲೋ, ಸೊಪ್ಪಿನಿಂದಲೋ, ಅವರು ಹೇಳುವಂತಿರಲಿಲ್ಲ. ಹೋಲಿಸಿ ನೋಡೋಕೆ ಹಿಂದಿನ ಅಂಕಿಯೇ ಇರಲಿಲ್ಲ. ಮಾತ್ರೆ ನಿಲ್ಲಿಸಿದರು. ಆರು ವಾರಕ್ಕೆ ದೊಡ್ಡಪ್ಪ ಹೋದರು.

ಪರೀಕ್ಷೆ ಮಾಡಿಸಿದ್ದರೆ ಉಳೀತಿದ್ರು ಅಂತ ನಾನು ಹೇಳ್ತಿಲ್ಲ. ಕಾಯಿಲೆ ಅಂಥದ್ದು. ಆದರೆ ಇನ್ನೊಂದಿಷ್ಟು ದಿನ ಸಿಗ್ತಿತ್ತೇನೋ ಅನ್ನೋ ಪ್ರಶ್ನೆ ಮನೆಯಲ್ಲಿ ಉಳಿದುಹೋಯ್ತು. ಫೈಲಿನಲ್ಲಿ ಮೊದಲ ರಿಪೋರ್ಟು ಇದೆ, ಕೊನೆಯದು ಇದೆ. ನಡುವೆ ಬರೀ ಮಾತ್ರೆಯ ಬಿಲ್ಲುಗಳು.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಮಾತ್ರೆ ತಗೋತಾ ಇದ್ದರೆ, ದಯವಿಟ್ಟು ರಿಪೋರ್ಟುಗಳನ್ನೂ ತಾರೀಖು ಪ್ರಕಾರ ಜೋಡಿಸಿಡಿ.