ಸೆಪ್ಟೆಂಬರ್ 17: ನಮ್ಮೂರಿನ ಎರಡು ನೆನಪು

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿತು. ಐದೇ ದಿನದಲ್ಲಿ ನಿಜಾಮರು ಶರಣಾದರು. ರಜಾಕಾರರ ಹಾವಳಿಯಿಂದ ಬೇಸತ್ತ ಜನ ಸಂಭ್ರಮಪಟ್ಟರು, ಅದು ಸಹಜ. ರಜಾಕಾರರನ್ನು ವಿರೋಧಿಸಿದ ಮುಸ್ಲಿಮರೂ ಇದ್ದರು. 'ಇಮ್ರೋಜ್' ಸಂಪಾದಕ ಶೋಯಬುಲ್ಲಾ ಖಾನ್ ಆ ಆಗಸ್ಟ್‌ನಲ್ಲೇ ಕೊಲೆಯಾಗಿದ್ದರು.

ಆದ್ರೆ ಆಮೇಲೆ ಏನಾಯ್ತು? ರಜಾಕಾರರ ತಪ್ಪಿಗೆ ಹಳ್ಳಿಯ ಬಡ ಮುಸ್ಲಿಮರು ಬೆಲೆ ತೆತ್ತರು. ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ 27ರಿಂದ 40 ಸಾವಿರ ಜನ ಸತ್ತಿರಬಹುದು ಎಂದಿತು. ಬೀದರ್, ಕಲಬುರಗಿ ಹೆಚ್ಚು ನೊಂದ ಜಿಲ್ಲೆಗಳು. ವರದಿ ದಶಕಗಳ ಕಾಲ ಹೊರಬರಲೇ ಇಲ್ಲ. ಜೀವದ ಹಂಗು ತೊರೆದು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳ ಮಾತೂ ಅದರಲ್ಲಿದೆ.

ಈಗ ಪ್ರತಿ ವರ್ಷ ಆ ದಿನ ಶಾಲೆಯಲ್ಲಿ ಧ್ವಜ ಹಾರಿಸ್ತೀವಿ. ಮಕ್ಕಳಿಗೆ ಆ ಸಂಭ್ರಮದ ಜೊತೆ ಈ ಸಾವುಗಳನ್ನೂ, ಕಾಪಾಡಿದವರನ್ನೂ ಹೇಳಿಕೊಡೋಣ.